ನಡುಗೋಡೆ ಯಾರದು? ಸಾಲುಮನೆಗಳ ಕತೆ, ಲೀಡ್ಸ್‌ನಿಂದ ಬಾಗಳಿವರೆಗೆ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗಾಗಿ ಈ ಸಂಚಿಕೆಯ ಅಕ್ಷರರೂಪ ಇಲ್ಲಿದೆ.

ಹೋದ ತಿಂಗಳು ಒಂದಿನ ಬೆಳಿಗ್ಗೆ ಊರಿಂದ ಅಪ್ಪನ ಫೋನ್ ಬಂತು. ನಮ್ಮೂರು ಬಾಗಳಿ. ಹರಪನಹಳ್ಳಿ ತಾಲ್ಲೂಕು, ಈಗ ವಿಜಯನಗರ ಜಿಲ್ಲೆ. ಕಲ್ಲೇಶ್ವರ ದೇವಸ್ಥಾನ ನೋಡೋಕೆ ಬಂದವರಿಗೆ ಊರಿನ ಪರಿಚಯ ಇರುತ್ತೆ. ಅಪ್ಪ ಜೀವನವೆಲ್ಲ ಗೌಂಡಿ ಕೆಲಸ ಮಾಡಿದವರು. ಈಗ ಮಂಡಿನೋವು, ಮನೆಯಲ್ಲೇ ಇರ್ತಾರೆ. ಬೇರೆ ದಿನ ಆಗಿದ್ರೆ ಮೊದಲು ಮಳೆ, ಆಮೇಲೆ ಮೆಕ್ಕೆಜೋಳ, ಆಮೇಲೆ ನನ್ನ ಆರೋಗ್ಯ. ಅವತ್ತು ನೇರವಾಗಿ ವಿಷಯಕ್ಕೇ ಬಂದ್ರು.

"ತಮ್ಮಾ, ನಿಮ್ಮಣ್ಣ ಮನಿ ಕೆಡವ್ತಾನಂತ. ಆರ್‌ಸಿಸಿ ಹಾಕ್ತಾನಂತ. ನಡುಗ್ವಾಡಿ ನಮ್ಮ ಪಾಲಿಂದು, ಅದನ್ನೂ ತೆಗೀತೀನಿ ಅಂತಾನ. ಅದನ್ನ ತಗದ್ರ ನಮ್ಮ ಜಂತಿ ಎದರ ಮ್ಯಾಲ ನಿಂದ್ರಬೇಕು?"

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಅವನ ಮನೆ, ನಮ್ಮ ಮನೆ ಅಂಟಿಕೊಂಡೇ ಇವೆ. ಎರಡನ್ನೂ ಕಟ್ಟಿಸಿದ್ದು ನಮ್ಮ ತಾತ, ಇಬ್ಬರು ಮಕ್ಕಳಿಗೆ ಅಂತ. ಕಲ್ಲು ಮಣ್ಣಿನ ಗೋಡೆ, ಬೇವಿನ ಜಂತಿ, ಮೇಲೆ ಕರಲು ಮಣ್ಣು ಹಾಕಿದ ಮಾಳಿಗೆ. ಎರಡು ಮನೆಗೂ ನಡುವೆ ಒಂದೇ ಗೋಡೆ, ಎರಡು ಅಡಿ ದಪ್ಪ. ಆ ಗೋಡೆಗೆ ಈ ಕಡೆಯಿಂದ ನಮ್ಮ ಜಂತಿಗಳು ಕೂತಿವೆ, ಆ ಕಡೆಯಿಂದ ಅವರ ಜಂತಿಗಳು.

ಫೋನ್ ಇಟ್ಟ ಮೇಲೆ ನನಗೆ ನೆನಪಾಗಿದ್ದು ಇಂಗ್ಲೆಂಡಿನ ಇಟ್ಟಿಗೆ ಬೀದಿಗಳು. ಲೀಡ್ಸ್, ಮ್ಯಾಂಚೆಸ್ಟರ್, ಲಿವರ್‌ಪೂಲ್‌ನಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದ್ರೆ 1837ರಿಂದ 1901ರ ನಡುವೆ, ಕಾರ್ಮಿಕರಿಗೆ ಅಂತ ಕಟ್ಟಿದ ಸಾಲುಮನೆಗಳು. ಸಿನಿಮಾದಲ್ಲಿ ನೋಡಿರ್ತೀರಿ. ಕೆಂಪು ಇಟ್ಟಿಗೆ, ಒಂದೇ ಥರದ ಬಾಗಿಲು, ಒಂದೇ ಥರದ ಕಿಟಕಿ, ಬೀದಿ ಮುಗಿಯೋವರೆಗೂ ಒಂದೇ ಚಾವಣಿ. ಅಪ್ಪ ಕೇಳಿದ ಪ್ರಶ್ನೆ, ಅಂದ್ರೆ ನಡುಗೋಡೆ ಯಾರದು ಅನ್ನೋದು, ಆ ಬೀದಿಗಳ ಬುನಾದಿಯಲ್ಲೇ ಇದೆ. ಅದಕ್ಕೇ ಇವತ್ತಿನ ಸಂಚಿಕೆ ಅದರ ಮೇಲೆ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ನಮ್ಮಲ್ಲಿ ಟೆರೇಸ್ ಅಂದ್ರೆ ಮನೆ ಮೇಲಿನ ತಾರಸಿ, ಹಪ್ಪಳ ಸಂಡಿಗೆ ಒಣಗಿಸೋ ಜಾಗ. ಇಂಗ್ಲೆಂಡಿನಲ್ಲಿ ಟೆರೇಸ್ ಅಂದ್ರೆ ಒಂದಕ್ಕೊಂದು ಅಂಟಿಕೊಂಡಿರೋ ಮನೆಗಳ ಸಾಲು. ನಾನು ಇವತ್ತು ಸಾಲುಮನೆ ಅಂತಲೇ ಕರೀತೀನಿ.

ಸಾಲುಮನೆ ಯಾಕೆ ಕಟ್ತಾರೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಹತ್ತು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದ್ರೆ, ಒಂದಕ್ಕೆ ನಾಲ್ಕರಂತೆ 40 ಗೋಡೆ ಬೇಕು. ಅದೇ ಹತ್ತು ಮನೆಗಳನ್ನು ಸಾಲಾಗಿ ಅಂಟಿಸಿ ಕಟ್ಟಿ. ಮುಂದೆ 10, ಹಿಂದೆ 10, ಅಡ್ಡಕ್ಕೆ 11. ಒಟ್ಟು 31. ಒಂಬತ್ತು ಗೋಡೆ ಉಳೀತು. ಅಷ್ಟು ಇಟ್ಟಿಗೆ, ಅಷ್ಟು ಗಾರೆ, ಅಷ್ಟು ಕೂಲಿ, ಅಷ್ಟು ಜಾಗ ಉಳೀತು. ಇನ್ನೂ ಜಿಪುಣತನ ಮಾಡಬೇಕಾ? ಎರಡು ಸಾಲುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ. 20 ಮನೆಗೆ 52 ಗೋಡೆ ಸಾಕು. ಬಿಡಿ ಮನೆಗಳಾಗಿದ್ರೆ 80 ಬೇಕಿತ್ತು. ಲೀಡ್ಸ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ನಲ್ಲಿ ಹೀಗೆ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳನ್ನೇ ಸಾವಿರಗಟ್ಟಲೆ ಕಟ್ಟಿದ್ರು. ಮಧ್ಯದ ಮನೆಗೆ ಮೂರು ಕಡೆಯೂ ನೆರೆಮನೆ. ಗಾಳಿ ಬೆಳಕು ಬರಬೇಕಾದ್ರೆ ಮುಂಬಾಗಿಲ ಕಡೆಯಿಂದಲೇ ಬರಬೇಕು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗೋಕೆ ದಾರಿ ಇಲ್ಲ.

ಇಷ್ಟು ಅವಸರ ಯಾಕಿತ್ತು ಅಂದ್ರೆ, ಜನ ಹಳ್ಳಿ ಬಿಟ್ಟು ಮಿಲ್‌ಗಳಿಗೆ ಬರ್ತಾ ಇದ್ರು. 1851ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣಗಳಲ್ಲಿ ಇದ್ರು. ಅಷ್ಟು ಜನಕ್ಕೆ ಸೂರು ಬೇಕು. ಇಟ್ಟಿಗೆ ಮೇಲಿದ್ದ ತೆರಿಗೆಯನ್ನು 1850ರಲ್ಲಿ ತೆಗೆದ್ರು. ಕಿಟಕಿ ಮೇಲೂ ತೆರಿಗೆ ಇತ್ತು, ಹೌದು, ಕಿಟಕಿ ಮೇಲೆ! ಅದನ್ನು 1851ರಲ್ಲಿ ತೆಗೆದ್ರು. 1858ರಲ್ಲಿ ಹಾಫ್‌ಮನ್ ಅನ್ನೋ ಜರ್ಮನ್ ಒಬ್ಬ ಬೆಂಕಿ ಆರದೇ ಸುತ್ತು ಹೊಡೀತಾ ಇರೋ ಇಟ್ಟಿಗೆ ಗೂಡಿಗೆ ಪೇಟೆಂಟ್ ಪಡೆದ. ಒಂದು ಕೋಣೆಯಲ್ಲಿ ಇಟ್ಟಿಗೆ ಬೇಯ್ತಾ ಇದ್ರೆ ಪಕ್ಕದ್ದರಲ್ಲಿ ಆರ್ತಾ ಇರುತ್ತೆ, ಅದರಾಚೆಗಿನದರಲ್ಲಿ ತುಂಬ್ತಾ ಇರ್ತಾರೆ. ರೈಲು ಬಂದಿದ್ರಿಂದ ವೇಲ್ಸ್‌ನ ಸ್ಲೇಟ್ ಕಲ್ಲು ಎಲ್ಲ ಊರಿಗೂ ಅಗ್ಗವಾಗಿ ತಲುಪ್ತು. ಗೋಡೆಗೆ ಇಟ್ಟಿಗೆ, ಚಾವಣಿಗೆ ಸ್ಲೇಟ್. ಬೀದಿಗೆ ಬೀದಿ ಎದ್ದು ನಿಂತ್ವು.

ಈಗ ಅಂಥ ಒಂದು ಮನೆಯೊಳಗೆ ಹೋಗೋಣ. ಅಗಲ 12ರಿಂದ 15 ಅಡಿ, ಅಷ್ಟೇ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಕೆಳಗಿನ ಮುಂದಿನ ಕೋಣೆ ನಮ್ಮ ಪಡಸಾಲೆ ಇದ್ದ ಹಾಗೆ, ಹಿಂದಿನದು ಅಡುಗೆ, ಊಟ, ಎಲ್ಲದಕ್ಕೂ. ನಡುವೆ ಕಡಿದಾದ ಮೆಟ್ಟಿಲು. ಹಿಂದೆ ಸಣ್ಣ ಹಿತ್ತಲು, ಅದರ ಕೊನೆಗೆ ಪಾಯಖಾನೆ. ಅದರಾಚೆ ಒಂದು ಹಿಂಗಲ್ಲಿ. ರಾತ್ರಿ ಹೊತ್ತು ಮಲ ಎತ್ತೋರ ಗಾಡಿ ಆ ಗಲ್ಲೀಲಿ ಬರ್ತಿತ್ತು. ಮುಂಬಾಗಿಲ ಮರ್ಯಾದೆಗೆ ಕುಂದು ಬರಬಾರದಲ್ಲ!

ಅಗಲ ಯಾಕೆ 12–15 ಅಡಿಗೇ ನಿಲ್ತು? ಮರದಿಂದಾಗಿ. ಚಾವಣಿಯ ಭಾರ ಹೊರೋ ಅಡ್ಡತೊಲೆಗಳು ಈ ನಡುಗೋಡೆಯಿಂದ ಆ ನಡುಗೋಡೆಗೆ ಕೂರ್ತಾವೆ. ಬಹಳಷ್ಟು ಮನೆಗಳಲ್ಲಿ ಮಹಡಿಯ ಜಂತಿಗಳೂ ಹಾಗೇ. ಮಧ್ಯೆ ಕಂಬ ಇಲ್ಲದೆ ಅಗ್ಗದ ಮರ ಎಷ್ಟು ದೂರ ಬಾಗದೆ ನಿಲ್ಲುತ್ತೋ ಅಷ್ಟೇ ಮನೆಯ ಅಗಲ. ನಮ್ಮ ಕಡೆ ಮನೆ ಅಳೆಯೋದೇ ಅಂಕಣದ ಲೆಕ್ಕದಲ್ಲಿ. ಮೂರು ಅಂಕಣದ ಮನೆ, ಐದು ಅಂಕಣದ ಮನೆ ಅಂತೀವಿ. ಅಂಕಣ ಅಂದ್ರೆ ಎರಡು ಸಾಲು ಕಂಬದ ನಡುವಿನ ಜಾಗ, ಅದನ್ನೂ ತೀರ್ಮಾನ ಮಾಡೋದು ಮರದ ಉದ್ದವೇ. ನಮ್ಮೂರ ಕಲ್ಲೇಶ್ವರ ಗುಡಿಯಲ್ಲಿ 987ನೇ ಇಸವಿಯ ಶಾಸನ ಇದೆ. ಅಲ್ಲಿಯ ಮಂಟಪದ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರೋದೂ ಇದೇ ಕಾರಣಕ್ಕೆ. ಅಲ್ಲಿ ತೊಲೆ ಕಲ್ಲಿಂದು. ಕಲ್ಲು ಮರದಷ್ಟೂ ಬಾಗಲ್ಲ, ಮುರಿದೇಬಿಡುತ್ತೆ.

ಇಟ್ಟಿಗೆ ಮನೆಯ ನಡುಗೋಡೆಗೆ ಇನ್ನೊಂದು ಕೆಲಸ ಇತ್ತು. ಒಲೆಯ ಚಿಮಣಿ ಅದರೊಳಗೇ ಹೋಗ್ತಿತ್ತು. ಈ ಮನೆಯ ಒಲೆ ಮತ್ತು ಪಕ್ಕದ ಮನೆಯ ಒಲೆ ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಗೂಡಿನಲ್ಲಿ ಹೊಗೆ ಕೊಳವೆಗಳನ್ನು ಮೇಲಕ್ಕೆ ಕಳಿಸ್ತಿದ್ವು. ಪಕ್ಕದ ಮನೆಯಲ್ಲಿ ಬೆಂಕಿ ಉರೀತಾ ಇದ್ರೆ ನಿಮ್ಮ ಗೋಡೆಯೂ ಬೆಚ್ಚಗೆ. ಚಳಿದೇಶದಲ್ಲಿ ಅದು ದೊಡ್ಡ ಲಾಭ. ನಮ್ಮ ಬಾಗಳಿಯಲ್ಲಿ ಲಾಭ ತಿರುಗಾಮುರುಗಾ. ಏಪ್ರಿಲ್ ತಿಂಗಳ ಬಿಸಿಲು ನಡುಗೋಡೆಗೆ ಬೀಳೋದೇ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಆ ಗೋಡೆಗೆ ಬೆನ್ನು ಹಚ್ಚಿ ಕೂತ್ರೆ ತಂಪು. ಚಿಕ್ಕವನಿದ್ದಾಗ ನನ್ನ ಜಾಗ ಅದು.

ಗೋಡೆಯ ದಪ್ಪದ ಬಗ್ಗೆ ಹೇಳಲೇಬೇಕು. ಇಂಗ್ಲೆಂಡಿನ ಇಟ್ಟಿಗೆ ಗಾರೆ ಸೇರಿಸಿ ಸುಮಾರು ಒಂಬತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ. ಒಂದು ವರಸೆಯಲ್ಲಿ ಇಟ್ಟಿಗೆಗಳನ್ನು ಗೋಡೆಯುದ್ದಕ್ಕೆ ಮಲಗಿಸ್ತಾರೆ, ಅದರ ಮೇಲಿನ ವರಸೆಯಲ್ಲಿ ಅಡ್ಡಡ್ಡ ಇಡ್ತಾರೆ. ಅಡ್ಡ ಇಟ್ಟಿಗೆ ಒಳಮೈ ಹೊರಮೈ ಎರಡನ್ನೂ ಹಿಡಿದು ಕಟ್ಟಿಹಾಕುತ್ತೆ. ಇದಕ್ಕೆ ಇಂಗ್ಲಿಷ್ ಬಾಂಡ್ ಅಂತಾರೆ. ನಮ್ಮ ಗೌಂಡಿಗಳು ಇವತ್ತಿಗೂ "ಒಂಬತ್ತಿಂಚಿನ ಗೋಡೆ, ನಾಲ್ಕೂವರೆ ಇಂಚಿನ ಗೋಡೆ" ಅಂತಲೇ ಮಾತಾಡ್ತಾರಲ್ಲ, ಅದು ಬ್ರಿಟಿಷರ ಆ ಅಳತೆಯೇ. ಮೀಟರ್, ಸೆಂಟಿಮೀಟರ್ ಬಂದು ಎಷ್ಟೋ ವರ್ಷ ಆದ್ರೂ ಅಪ್ಪನ ಬಾಯಲ್ಲಿ ಅದೇ ಲೆಕ್ಕ.

ಮುಂದಿನ ಗೋಡೆಗೆ ಒಳ್ಳೆ ಇಟ್ಟಿಗೆ, ಹಿಂದಿನ ಗೋಡೆಗೂ ನಡುಗೋಡೆಗೂ ಕಡಿಮೆ ದರ್ಜೆಯದು. ಕಳಪೆ ಗುತ್ತಿಗೆದಾರರು ನಡುಗೋಡೆಯನ್ನು ನಾಲ್ಕೂವರೆ ಇಂಚಿಗೇ ಮುಗಿಸಿಬಿಡ್ತಿದ್ರು. ಪಕ್ಕದ ಮನೆಯ ಕೆಮ್ಮು, ಜಗಳ, ಮಗುವಿನ ಅಳು ಎಲ್ಲ ಕೇಳಿಸ್ತಿತ್ತು. ಎಷ್ಟೋ ಸಾಲುಗಳಲ್ಲಿ ಚಾವಣಿಯೊಳಗೆ ನಡುಗೋಡೆಯನ್ನೇ ಕಟ್ಟಿರಲಿಲ್ಲ. ಅಟ್ಟದಲ್ಲಿ ಈ ತುದಿಯಿಂದ ಆ ತುದಿವರೆಗೆ ಖಾಲಿ. ಒಂದು ಮನೆಗೆ ಬೆಂಕಿ ಬಿದ್ರೆ ಅದು ಅಟ್ಟದೊಳಗೇ ಓಡ್ತಾ ಹೋಗ್ತಿತ್ತು. 1666ರಲ್ಲಿ ಲಂಡನ್ ಸುಟ್ಟುಹೋದಾಗಲೇ ಈ ಪಾಠ ಸಿಕ್ಕಿತ್ತು. 1667ರ ಕಾನೂನು ಅಲ್ಲಿ ಹೊಸ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕು, ಮನೆ ಮನೆ ನಡುವೆ ಗಟ್ಟಿ ಗೋಡೆ ಇರಬೇಕು ಅಂತ ಹೇಳಿತ್ತು. ಆದ್ರೆ ಲಂಡನ್ನಿನ ಕಾನೂನು ಎಲ್ಲ ಊರಿಗೂ ಅನ್ವಯ ಆಗ್ತಿರಲಿಲ್ಲ.

ಗೋಡೆ ಉಳಿಸಿದ ಲಾಭ ಗುತ್ತಿಗೆದಾರನಿಗೂ ಬಾಡಿಗೆ ಎತ್ತೋನಿಗೂ ಹೋಯ್ತು. ನಷ್ಟ ಒಳಗಿದ್ದೋರ ಪಾಲಿಗೆ ಬಂತು. 1832, 1848, 1854 ಹೀಗೆ ಮತ್ತೆ ಮತ್ತೆ ಕಾಲರಾ ಬಂತು. 1842ರಲ್ಲಿ ಎಡ್ವಿನ್ ಚಾಡ್‌ವಿಕ್ ಕಾರ್ಮಿಕರ ವಸತಿ, ಚರಂಡಿ, ರೋಗದ ಬಗ್ಗೆ ದೊಡ್ಡ ವರದಿ ಬರೆದ್ರು. ಕೊನೆಗೆ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂತು. ಊರೂರಿನ ಆಡಳಿತಗಳು ಅದರಡಿ ಬೈಲಾ ಮಾಡಿದ್ವು. 1877ರಲ್ಲಿ ಸರ್ಕಾರ ಕೊಟ್ಟ ಮಾದರಿ ಬೈಲಾ ಪ್ರಕಾರ ಗಾಡಿ ಓಡಾಡೋ ಹೊಸ ಬೀದಿ ಕನಿಷ್ಠ 36 ಅಡಿ ಅಗಲ ಇರಬೇಕು. ಮನೆ ಹಿಂದೆ ಖಾಲಿ ಜಾಗ ಬಿಡಲೇಬೇಕು. ನೆಲದ ತೇವ ಗೋಡೆಗೆ ಏರದ ಹಾಗೆ ಬುಡದಲ್ಲಿ ಸ್ಲೇಟ್ ಅಥವಾ ಡಾಂಬರಿನ ಒಂದು ಪದರ ಹಾಕಬೇಕು. ನಾವು ಇವತ್ತು "ವಿಕ್ಟೋರಿಯನ್ ಬೀದಿ" ಅಂತ ನೋಡೋ ಉದ್ದುದ್ದ, ನೇರ, ಶಿಸ್ತಿನ ಇಟ್ಟಿಗೆ ಬೀದಿಗಳಲ್ಲಿ ಬಹುಪಾಲು ಈ ಬೈಲಾದ ಮಕ್ಕಳು. ಬೆನ್ನಿಗೆ ಬೆನ್ನು ಮನೆ ಕಟ್ಟೋದನ್ನು ಕಾನೂನು ನಿಲ್ಲಿಸಿದ್ದು 1909ರಲ್ಲಿ. ಲೀಡ್ಸ್‌ನೋರು ಮಾತ್ರ ಮೊದಲೇ ಒಪ್ಪಿಗೆ ಸಿಕ್ಕಿದ್ದ ನೆಪದಲ್ಲಿ 1930ರ ದಶಕದವರೆಗೂ ಕಟ್ತಾನೇ ಇದ್ರು.

ಈ ಬೈಲಾ ಮಾದರಿ ನಮ್ಮಲ್ಲಿಗೂ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ್ವಲ್ಲ, ಅಲ್ಲಿ ಎರಡು ಸಾಲು ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಅಂತ ಬಿಟ್ಟಿದ್ರು. ಇಂಗ್ಲೆಂಡಿನ ಹಿಂಗಲ್ಲಿಯದೇ ಕೆಲಸ. ಈಗ ಹೋದ್ರೆ ಕೆಲವು ಕಡೆ ಬೈಕ್ ನಿಲ್ಲಿಸಿದ್ದಾರೆ, ಕೆಲವು ಕಡೆ ಕಾಂಪೌಂಡ್ ಹಾಕ್ಕೊಂಡಿದ್ದಾರೆ.

ಇನ್ನು ಮಾಲೀಕರೇ ಕಟ್ಟಿಸಿದ ಸಾಲುಮನೆಗಳು. ಯಾರ್ಕ್‌ಷೈರ್‌ನಲ್ಲಿ ಟೈಟಸ್ ಸಾಲ್ಟ್ ಅನ್ನೋ ಉಣ್ಣೆ ಮಿಲ್ ಮಾಲೀಕ 1850ರ ದಶಕದಿಂದ ಸಾಲ್ಟೇರ್ ಅನ್ನೋ ಊರನ್ನೇ ಕಟ್ಟಿದ. ಸುಮಾರು 800 ಮನೆ, ಇಟ್ಟಿಗೆ ಅಲ್ಲ, ಕಲ್ಲಿನವು. ಶಾಲೆ, ಚರ್ಚು, ಆಸ್ಪತ್ರೆ, ಸ್ನಾನಗೃಹ ಎಲ್ಲ ಇತ್ತು. ಗಾಳಿ ಬೆಳಕು ಚೆನ್ನಾಗಿತ್ತು. ಆದ್ರೆ ಮನೆ ಮಿಲ್‌ನದು. ಕೆಲಸ ಹೋದ್ರೆ ಮನೆಯೂ ಹೋಗೋ ಭಯ. ಅಂಥ ಸಾಲಿನಲ್ಲಿ ನಡುಗೋಡೆ ನಿಮ್ಮದೋ ಪಕ್ಕದವರದೋ ಅನ್ನೋ ಜಗಳಕ್ಕೆ ಅರ್ಥವೇ ಇಲ್ಲ. ಅದು ಇಬ್ಬರದೂ ಅಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಮಾತು ಯಾವುದು? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ "ಲೈನ್ ಮನೆ" ಅಂತಾರೆ. ಹುಬ್ಬಳ್ಳಿ ಕಡೆ "ಚಾಳ". 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ತೆರೆದ ಮೇಲೆ ಆ ಊರಿಗೆ ರೈಲ್ವೆ ಕ್ವಾರ್ಟರ್ಸ್ ಸಾಲುಗಳು ಬಂದ್ವು. ಬೆಂಗಳೂರಿನಲ್ಲಿ "ವಠಾರ", ನಡುವೆ ಓಣಿ, ಎರಡೂ ಕಡೆ ಮನೆ, ಒಂದೇ ಕೊಳಾಯಿ. ಇಂಥ ಎಷ್ಟೋ ಸಾಲುಗಳ ಚಾವಣಿಗೆ ಸ್ಲೇಟ್ ಬದಲು ಮಂಗಳೂರು ಹೆಂಚು ಬಂತು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಹೆಂಚು ಅದು.

ಆದ್ರೆ ವಿಕ್ಟೋರಿಯಾ ಕಾಲದ ಕಾರ್ಮಿಕರ ಸಾಲು ಅಂದ ತಕ್ಷಣ ನನ್ನ ಕಣ್ಣ ಮುಂದೆ ಬರೋದು ಕೋಲಾರದ ಚಿನ್ನದ ಗಣಿ, ನಮ್ಮ ಕೆಜಿಎಫ್.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1894ರಲ್ಲಿ ಈಗಿನ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬಂದದ್ದು ಗಣಿಯ ಯಂತ್ರಗಳಿಗೆ. ಇಂಗ್ಲಿಷ್ ಅಧಿಕಾರಿಗಳಿಗೆ ತೋಟ ಇರೋ ಬಂಗಲೆ, ಕ್ಲಬ್ಬು. ಆ ಜಾಗಕ್ಕೆ ಜನ "ಲಿಟಲ್ ಇಂಗ್ಲೆಂಡ್" ಅಂತಲೇ ಹೆಸರಿಟ್ರು. ಗಣಿಯೊಳಗೆ ಇಳಿಯೋರು ಹೆಚ್ಚಾಗಿ ತಮಿಳು ಮಾತಾಡೋ ದಲಿತ ಕುಟುಂಬಗಳು, ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು. ಅವರಿಗೆ ಮೊದಲು ಸಿಕ್ಕಿದ್ದು ಬಿದಿರ ತಟ್ಟಿಯ ಗುಡಿಸಲು. ಆಮೇಲೆ ಗೋಡೆ ಬಂತು, ತಗಡು, ಹೆಂಚು ಬಂತು. ಒಂದು ಕೋಣೆ, ಮುಂದೊಂದು ಸಣ್ಣ ಜಾಗ, ಪಕ್ಕದಲ್ಲೇ ಇನ್ನೊಂದು ಮನೆ. ಇವೇ "ಲೈನು"ಗಳು. ಇಂಗ್ಲೆಂಡಿನ ಎರಡು ಮಹಡಿ ಇಲ್ಲಿ ಬರಲಿಲ್ಲ, ಹಿತ್ತಲು ಬರಲಿಲ್ಲ. ಗೋಡೆ ಉಳಿಸೋ ಲೆಕ್ಕ ಮಾತ್ರ ಹಾಗೇ ಬಂತು.

ಒಂದು ಸಾಲುಮನೆಯ ನಿಜವಾದ ಪರೀಕ್ಷೆ ನಡೆಯೋದು ಅದನ್ನು ಕಟ್ಟಿದೋರು ಬಿಟ್ಟು ಹೋದ ಮೇಲೆ. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಾಲ್ಟೇರ್ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸಾಲ್ಟ್ ಕಟ್ಟಿಸಿದ ಮನೆಗಳು ಅಷ್ಟು ಹೊತ್ತಿಗೆ ಎಷ್ಟೋ ವರ್ಷಗಳ ಹಿಂದೆಯೇ ಬಿಡಿಬಿಡಿಯಾಗಿ ಮಾರಾಟವಾಗಿ ವಾಸ ಇದ್ದೋರ ಕೈ ಸೇರಿದ್ವು. ಕೆಜಿಎಫ್ ಲೈನುಗಳಲ್ಲಿ ಮೂರ್ನಾಲ್ಕು ತಲೆಮಾರು ಬದುಕಿದೋರಿಗೆ ಮಾತ್ರ, ಈ ಮನೆ ಯಾರ ಹೆಸರಿಗೆ ಅನ್ನೋ ಪ್ರಶ್ನೆ ಗಣಿಯ ಜೊತೆ ಮುಚ್ಚಿಹೋಗಲಿಲ್ಲ. ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ರೈಲು ಹತ್ತಿ ಕೂಲಿಗೆ ಹೋಗಿ ರಾತ್ರಿ ಅದೇ ಲೈನಿಗೆ ವಾಪಸ್ ಬರೋ ಜನ ಅವರು. ತಮ್ಮದಲ್ಲದ ಗೋಡೆಗೆ ಯಾರು ದುಡ್ಡು ಹಾಕಿ ದುರಸ್ತಿ ಮಾಡಿಸ್ತಾರೆ? ಮಾಡಿಸದಿದ್ರೆ ಮಳೆಗಾಲದಲ್ಲಿ ಯಾರ ಮಕ್ಕಳ ತಲೆ ಮೇಲೆ ಬೀಳುತ್ತೆ?

ಇಲ್ಲಿ ಕಟ್ಟಡದ ಒಂದು ಗುಣ ತಿಳ್ಕೋಬೇಕು. ಸಾಲುಮನೆಯಲ್ಲಿ ಪ್ರತಿ ಮನೆಯೂ ಪಕ್ಕದ ಮನೆಗೆ ಆಸರೆ. ಮಧ್ಯದ ಮನೆಯ ಗೋಡೆಯನ್ನು ಎರಡೂ ಕಡೆಯಿಂದ ಜಂತಿಗಳು ಹಿಡಿದಿರ್ತಾವೆ, ಅದು ಎತ್ತಲೂ ವಾಲಲ್ಲ. ಸಾಲಿನ ಕೊನೆಯ ಮನೆಗೆ ಮಾತ್ರ ಒಂದು ಕಡೆ ಆಸರೆ ಇರಲ್ಲ. ಅದಕ್ಕೇ ಇಂಗ್ಲೆಂಡಿನ ಬೀದಿಗಳ ತುದಿಯ ಗೋಡೆಯಲ್ಲಿ ಕಬ್ಬಿಣದ ಎಕ್ಸ್ ಆಕಾರದ ಅಥವಾ ಎಸ್ ಆಕಾರದ ಪಟ್ಟಿ ಕಾಣಿಸುತ್ತೆ. ಅಲಂಕಾರಕ್ಕಲ್ಲ. ಹೊರಕ್ಕೆ ಉಬ್ಬಿದ ಗೋಡೆಯನ್ನು ಒಳಗಿಂದ ಸರಳು ಹಾಕಿ ಎಳೆದು ಹಿಡಿದಿರೋ ಗುರುತು ಅದು. ಮಧ್ಯದ ಒಂದು ಮನೆ ಕೆಡವಿದ್ರೆ ಏನಾಗುತ್ತೆ? ಅದರ ಆಚೆ ಈಚೆ ಎರಡೂ ಮನೆ ಒಮ್ಮೆಲೇ ಕೊನೆಯ ಮನೆ ಆಗಿಬಿಡ್ತಾವೆ. ಒಳಗೋಡೆ ಅಂತ ಕಟ್ಟಿದ, ಮಳೆ ಕಾಣದ ಗೋಡೆ ಮಳೆಗೆ ಮೈ ಒಡ್ಡುತ್ತೆ.

ಲಿವರ್‌ಪೂಲ್‌ನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ್ರು. 2002ರಿಂದ ಅಲ್ಲಿನ ಸರ್ಕಾರ ಹಳೆ ಸಾಲುಮನೆಗಳನ್ನು ಕೆಡವಿ ಹೊಸದು ಕಟ್ಟೋ ಯೋಜನೆ ತಂತು. ಬೀದಿಗೆ ಬೀದಿ ಖಾಲಿ ಮಾಡಿಸಿದ್ರು. ಖಾಲಿ ಮನೆಯ ಚಾವಣಿ ಸೋರಿದ್ರೆ ವಾಸ ಇರೋ ಪಕ್ಕದ ಮನೆಯ ಗೋಡೆಗೆ ತೇವ. ಅವರೂ ಖಾಲಿ ಮಾಡ್ತಾರೆ. ವೆಲ್ಷ್ ಸ್ಟ್ರೀಟ್ಸ್ ಅನ್ನೋ ಕಡೆ, ಬೀಟಲ್ಸ್‌ನ ರಿಂಗೋ ಸ್ಟಾರ್ ಹುಟ್ಟಿದ ಬೀದಿಯೂ ಅಲ್ಲೇ ಇದೆ, ಕೆಡವೋ ಪ್ರಸ್ತಾವವನ್ನು 2015ರಲ್ಲಿ ಸರ್ಕಾರವೇ ತಿರಸ್ಕರಿಸ್ತು. ಈಗ ಆ ಮನೆಗಳನ್ನು ರಿಪೇರಿ ಮಾಡಿದ್ದಾರೆ, ಕೆಲವು ಕಡೆ ನಡುಗೋಡೆ ತೆರೆದು ಎರಡು ಮನೆ ಸೇರಿಸಿ ಒಂದು ಮಾಡಿದ್ದಾರೆ. ಹತ್ತಿರದ ಗ್ರ್ಯಾನ್‌ಬಿ ಬೀದಿಗಳನ್ನು ಅಲ್ಲಿಯ ನಿವಾಸಿಗಳೇ ಹಟ ಹಿಡಿದು ಉಳಿಸ್ಕೊಂಡ್ರು. ಅವರ ಜೊತೆ ಕೆಲಸ ಮಾಡಿದ ಅಸೆಂಬಲ್ ತಂಡಕ್ಕೆ 2015ರ ಟರ್ನರ್ ಪ್ರಶಸ್ತಿ ಬಂತು. ಕಲೆಗೆ ಕೊಡೋ ಪ್ರಶಸ್ತಿ, ಮನೆ ರಿಪೇರಿಗೆ!

ಸರಿ, ವಾಪಸ್ ಬಾಗಳಿಗೆ ಬರೋಣ. ನಮ್ಮನೆ ಜಂತಿ ಇನ್ನೂ ಗಾಳಿಯಲ್ಲೇ ಇದೆ.

ಮೊದಲು ಕಾನೂನು. ನಾನು ವಕೀಲ ಅಲ್ಲ, ಓದಿದ್ದನ್ನು ಹೇಳ್ತೀನಿ. ವಿಕ್ಟೋರಿಯಾ ಕಾಲ ನಮ್ಮೂರಿಗೆ ಇಟ್ಟಿಗೆ ಸಾಲು ತರಲಿಲ್ಲ, ಆದ್ರೆ ಒಂದು ಕಾಯ್ದೆ ತಂತು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ. ಅದು ಶುರುವಿನಲ್ಲೇ ಅನ್ವಯ ಆದ ಪ್ರಾಂತ್ಯಗಳಲ್ಲಿ ಮದ್ರಾಸ್ ಒಂದು, ಆಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯ ಜೊತೆ ಮದ್ರಾಸ್‌ಗೇ ಸೇರಿತ್ತು. ಕೊಡಗು ಕೂಡ ಆ ಪಟ್ಟಿಯಲ್ಲಿತ್ತು. ಅದರ 15ನೇ ಕಲಂ ಹೇಳೋದು ಹೀಗೆ: ಒಬ್ಬರ ಕಟ್ಟಡಕ್ಕೆ ಇನ್ನೊಬ್ಬರ ಆಸ್ತಿಯಿಂದ 20 ವರ್ಷ ತಡೆಯಿಲ್ಲದೆ, ಶಾಂತಿಯಿಂದ, ಹಕ್ಕಿನಂತೆ ಆಸರೆ ಸಿಕ್ಕಿದ್ರೆ ಆ ಆಸರೆ ಹಕ್ಕಾಗಿ ಗಟ್ಟಿಯಾಗುತ್ತೆ. ಬೆಳಕು, ಗಾಳಿಗೂ ಅಂಥದೇ ನಿಯಮ ಇದೆ. ಇಂಗ್ಲೆಂಡಿನಲ್ಲಿ ನಡುಗೋಡೆಗೇ ಅಂತ 1996ರ ಪ್ರತ್ಯೇಕ ಕಾಯ್ದೆ ಇದೆ. ಗೋಡೆ ಮುಟ್ಟೋಕೆ ಎರಡು ತಿಂಗಳ ಮೊದಲು ಪಕ್ಕದವರಿಗೆ ನೋಟಿಸ್ ಕೊಡಬೇಕು.

ಆದ್ರೆ ಅಣ್ಣನ ಮೇಲೆ ಕೋರ್ಟಿಗೆ ಹೋಗೋ ಮಾತೇ ಇಲ್ಲ. ಅವನದೂ ತಪ್ಪಲ್ಲ. ಮಾಳಿಗೆ ಪ್ರತಿವರ್ಷ ಸೋರುತ್ತೆ, ಮಣ್ಣು ಹಾಕೋ ಆಳು ಸಿಗಲ್ಲ, ಮಗಳ ಮದುವೆ ಬಂದಿದೆ. ನಾನು ಶನಿವಾರ ಬಸ್ ಹತ್ತಿ ಹೋದೆ. ಮೂವರೂ ಪಡಸಾಲೆಯಲ್ಲಿ ಕೂತ್ವಿ.

ಅಪ್ಪ ಹೇಳಿದ ಕ್ರಮ ಇದು. ಇಂಥ ಗೋಡೆ ಇರೋರೆಲ್ಲ ಕೇಳಿಸ್ಕೊಳ್ಳಿ, ಉಪಯೋಗ ಆಗುತ್ತೆ. ಒಂದು, ಕೆಡವೋಕೆ ಮುಂಚೆ ನಮ್ಮ ಕಡೆ ಗೋಡೆಗೆ ಹತ್ತಿ ಕಂಬ ನಿಲ್ಲಿಸಿ, ಮೇಲೊಂದು ತೊಲೆ ಕೊಟ್ಟು, ಜಂತಿಯ ಭಾರವನ್ನು ಅದರ ಮೇಲೆ ಇಳಿಸಬೇಕು. ಹಳೆಯ ದೊಡ್ಡ ಮನೆಗಳಲ್ಲಿ ಗೋಡೆ ಬಿದ್ರೂ ಮಾಳಿಗೆ ನಿಲ್ಲೋದು ಹೀಗೇ. ತಾತ ಮರ ಉಳಿಸೋಕೆ ನಡುಗೋಡೆ ಕಡೆ ಕಂಬ ಬಿಟ್ಟಿದ್ರು. ಎರಡು, ಅವರ ಜಂತಿಗಳನ್ನು ಜೆಸಿಬಿಯಲ್ಲಿ ಎಳೆಯಬಾರದು. ಗೋಡೆ ಹತ್ತಿರ ಗರಗಸದಲ್ಲಿ ಕೊಯ್ಯಬೇಕು, ಗೋಡೆಯೊಳಗಿನ ತುಂಡು ಅಲ್ಲೇ ಇರಲಿ. ಎಳೆದ್ರೆ ಕಲ್ಲೂ ಜೊತೆಗೆ ಬರುತ್ತೆ. ಮೂರು, ಹೊಸ ಪಾಯವನ್ನು ಗೋಡೆಯುದ್ದಕ್ಕೂ ಒಮ್ಮೆಲೇ ತೋಡಬಾರದು. ಮೂರ್ನಾಲ್ಕು ಅಡಿಯಂತೆ ಬಿಟ್ಟು ಬಿಟ್ಟು ತೋಡಿ, ಅದನ್ನು ತುಂಬಿ, ಆಮೇಲೆ ಮುಂದಿನದು. ಹಳೆ ಗೋಡೆಯ ಬುಡ ಅಷ್ಟೇನೂ ಆಳ ಇರಲ್ಲ. ನಾಲ್ಕು, ಹೊರಬಿದ್ದ ಮೈಗೆ ಸಿಮೆಂಟ್ ಬಳಿಯಬಾರದು.

ಅಣ್ಣ ಇದಕ್ಕೆ ಒಪ್ಪಲಿಲ್ಲ. "ಕಾಕಾ, ಸಿಮೆಂಟಿಗಿಂತ ಗಟ್ಟಿ ಯಾವುದೈತಿ?" ಅಂದ.

"ಗಟ್ಟಿ ಐತಿ, ಅದ್ಕ ಬ್ಯಾಡ" ಅಂದ್ರು ಅಪ್ಪ. "ಮಣ್ಣಿನ ಗ್ವಾಡಿ ಉಸಿರಾಡ್ತೈತಿ. ಸಿಮೆಂಟ್ ಬಳದ್ರ ಒಳಗಿನ ನೀರು ಹೊರಗ ಬರಂಗಿಲ್ಲ. ಎರಡು ಮಳಿಗಾಲಕ್ಕ ಹೊಟ್ಟಿ ಬಿಡ್ತೈತಿ."

ಇಂಗ್ಲೆಂಡಿನ ಹಳೆ ಇಟ್ಟಿಗೆ ಮನೆ ರಿಪೇರಿ ಮಾಡೋರೂ ಇದನ್ನೇ ಹೇಳ್ತಾರೆ. ಆ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣ ಮೆತ್ತಗೆ, ಕಟ್ಟಡ ಸ್ವಲ್ಪ ಕೂತ್ರೆ ತಾನೂ ಹೊಂದಿಕೊಳ್ಳುತ್ತೆ, ತೇವ ಒಳಗೆ ನಿಲ್ಲೋಕೆ ಬಿಡಲ್ಲ. ಅದರ ಸಂದಿಗೆ ಸಿಮೆಂಟ್ ತುಂಬಿದ್ರೆ ನೀರು ಇಟ್ಟಿಗೆಯೊಳಗೇ ಉಳಿದು ಇಟ್ಟಿಗೆಯ ಮುಖವೇ ಉದುರುತ್ತೆ. ಇದನ್ನು ಹೇಳಿದಾಗ ಅಣ್ಣ ನನ್ನ ಮುಖ ನೋಡಿ, "ನೀವಿಬ್ರೂ ಒಂದಾಗೀರಿ" ಅಂತ ನಕ್ಕ.

ಕಂಬ, ತೊಲೆಯ ಖರ್ಚು ಅರ್ಧರ್ಧ ಅಂತ ಆಯ್ತು. ಕೆಡವೋದು ಮಳೆ ನಿಂತ ಮೇಲೆ, ದೀಪಾವಳಿ ಆದ ಮೇಲೆ. ಉಳಿದದ್ದು ಒಂದೇ ಪ್ರಶ್ನೆ. ಗೋಡೆ ಎರಡು ಅಡಿ, ಅದರಲ್ಲಿ ಅಣ್ಣನ ಪಾಲು ಒಂದಡಿ. ಮನೆಯ ಉದ್ದ 40 ಅಡಿ. 40 ಚದರಡಿ ಜಾಗ ಅವನಿಗೆ ಸುಮ್ಮನೆ ಬಿಡೋಕೆ ಮನಸ್ಸಿಲ್ಲ. ನಮಗೆ ಗೋಡೆಯನ್ನು ಅರ್ಧ ಸೀಳೋಕೆ ಆಗಲ್ಲ. ಎರಡು ಅಡಿ ಕಲ್ಲು ಮಣ್ಣಿನ ಗೋಡೆಯಲ್ಲಿ ಒಂದಡಿ ತೆಗೆದ್ರೆ ಉಳಿಯೋದು ಗೋಡೆ ಅಲ್ಲ, ಕಲ್ಲಿನ ರಾಶಿ. ತಾತ ಒಂದು ಗೋಡೆ ಉಳಿಸಿದ್ರು, ಅದರ ಲಾಭ ಇಬ್ಬರು ಮಕ್ಕಳಿಗೂ ಸಮನಾಗಿ ಸಿಕ್ಕಿತು. ಗಣಿಯ ಲೈನಿನಲ್ಲಿ ಉಳಿದ ಗೋಡೆಯ ಲಾಭ ಒಳಗಿದ್ದೋರಿಗೆ ಬರಲೇ ಇಲ್ಲ. ನಮ್ಮ ಜಗಳ ಎಷ್ಟೇ ಬೆಳೆದ್ರೂ, ಜಗಳ ಮಾಡೋಕೆ ನಮಗೆ ಒಂದು ಸ್ವಂತ ಗೋಡೆ ಇದೆ ಅನ್ನೋದನ್ನು ನಾನು ಮರೀಬಾರದು.

ಭಾನುವಾರ ಬೆಳಿಗ್ಗೆ ನಾನು ಹೊರಡೋ ಹೊತ್ತಿಗೆ ಅಪ್ಪ ಬಾಗಿಲ ಪಕ್ಕ ಗೋಡೆಯ ತುದಿಗೆ ಟೇಪ್ ಹಿಡಿದು ನಿಂತಿದ್ರು. ಇನ್ನೊಂದು ತುದಿ ಅಣ್ಣನ ಕೈಯಲ್ಲಿ. ಅಳೆದ್ರು, ಇಪ್ಪತ್ನಾಲ್ಕು ಇಂಚು ಸರಿಯಾಗಿ ಬಂತು. ಹನ್ನೆರಡಕ್ಕೆ ಅಪ್ಪ ಸುಣ್ಣದ ಕಡ್ಡಿಯಲ್ಲಿ ಒಂದು ಗೀಟು ಎಳೆದ್ರು. ಆಮೇಲೆ ಇಬ್ಬರೂ ಒಳಗೆ ಚಾ ಕುಡಿಯೋಕೆ ಹೋದ್ರು.

ದೀಪಾವಳಿ ಆದ ಮೇಲೆ ಏನಾಯ್ತು ಅಂತ ಹೇಳ್ತೀನಿ. ನಿಮ್ಮೂರಿನಲ್ಲೂ ಇಂಥ ನಡುಗೋಡೆ ಇದ್ರೆ, ಲೈನ್ ಮನೆ, ಚಾಳ, ವಠಾರದಲ್ಲಿ ಬೆಳೆದಿದ್ರೆ, ನಿಮ್ಮ ಅನುಭವ ನಮಗೆ ಬರೆದು ಕಳಿಸಿ.